ಹುಡುಗರ ವಿಜ್ಞಾನ ಸಂಘದೊಡನೆ ಗದಗ ಸೀಮೆಯ ಸಂಚಾರ

ಗದಗ-ಬೆಟಗೇರಿಗೆ ಬಂದ ಯಾತ್ರಿಕನು ತ್ರಿಕೂಟೇಶ್ವರನ ದರ್ಶನ ಮಾಡಿಕೊಂಡು, ಸರಸ್ವತಿಯ ಗುಡಿಯ ಕಂಬಗಳ ಕೆತ್ತನೆಯನ್ನು ಕಣ್ತುಂಬ ನೋಡಿ, ಕುಮಾರವ್ಯಾಸನು ಭಾರತವನ್ನು ಬರೆದನೆಂದು ಹೇಳುವ ವೀರನಾರಾಯಣನ ಸನ್ನಿಧಿಯಲ್ಲಿ ಕೈಮುಗಿದು ಹಿಂದಿರುಗುವದು ರೂಢಿ. ಅವನ್ನೆಲ್ಲ ಬಲ್ಲವರು ಹಿಂದೆಯೇ ಬಣ್ಣಿಸಿರುವರು. ಇದೇ ಸೀಮೆಯನ್ನು ಸಾಲೆಯ ಹುಡುಗರ ಬೆನ್ನು ಹತ್ತಿ ಸುತ್ತಿದಾಗ ಅದು ಹೇಗೆ ತೋರಿತೆಂಬುದನ್ನು ಮಾತ್ರ ವಾಚಕರ ಮುಂದಿಡಬೇಕೆಂದಿದ್ದೇನೆ.

ಸಂಸ್ಕೃತದ ಮಾಸ್ತರನಿಗೂ ವಿಜ್ಞಾನ ಸಂಘಕ್ಕೂ ಏನು ನಂಟೆಂದು ಕೇಳುವವರುಂಟು. ನಂಟು ಬೆಳೆದದ್ದು ಗ್ರಹಣದ ನಿಮಿತ್ತದಿಂದ. 1980ರ ಫೆಬ್ರುವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ದೂರದ ದೇಶಗಳ ಪಂಡಿತರು ದುರ್ಬೀನು ಹೊತ್ತು ಈ ನಾಡಿಗೆ ಬಂದಿದ್ದರು. ನಮ್ಮ ಓಣಿಯ ಹಿರಿಯರೋ ಮಕ್ಕಳನ್ನೆಲ್ಲ ಒಳಗೆ ಕೂಡ್ರಿಸಿ ಬಾಗಿಲು ಮುಚ್ಚಿದ್ದರು. ಮನೆಯ ಮೇಲೆಯೇ ಹಾದುಹೋದ ಅಂಥ ನೋಟ ಒಂದು ಆಯುಷ್ಯದಲ್ಲಿ ಎರಡು ಸಲ ದೊರೆಯುವದು ವಿರಳ. 2019ರ ಡಿಸೆಂಬರ 26ರ ಗ್ರಹಣವು ಗದಗಿನಲ್ಲಿ ಖಂಡಗ್ರಾಸವಾಗಿ ಕಾಣುವದೆಂದು ತಿಳಿದಾಗ, ಆರ್ಯಭಟನು ಕ್ರಿ.ಶ. 499ರ ಸುಮಾರಿಗೇ ಗ್ರಹಣವೆಂದರೆ ನೆರಳೆಂದು ಹೇಳಿದ್ದನ್ನು ತರಗತಿಯಲ್ಲಿ ತಿಳಿಸಿದೆನು. ಹುಡುಗರು ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಬಿಳಿಯ ಹಾಳೆಯ ಮೇಲೆ ಕುಡುಗೋಲಿನಂತಾದ ಸೂರ್ಯಬಿಂಬವನ್ನು ಬೀಳಿಸಿ ನೋಡಿದರು. ಬೇವಿನ ಗಿಡದ ಎಲೆಗಳ ಸಂದಿನಿಂದ ಅಂಗಳದಲ್ಲೆಲ್ಲ ಅಂಥವೇ ನೂರಾರು ಬಿಂಬಗಳು ಬಿದ್ದಿದ್ದವು. ಅವನ್ನು ಮೊದಲು ಕಂಡವಳು ತರಗತಿಯಲ್ಲಿ ಎಂದೂ ಬಾಯಿ ತೆರೆಯದ ಒಬ್ಬ ಹುಡುಗಿ. ಮರುವಾರ ಸಂಘ ಕೂಡಿದಾಗ ಅವಳೇ ಕಾರ್ಯದರ್ಶಿಯಾದಳು.

ಸಂಘದ ಕಟ್ಟಳೆಗಳನ್ನು ಹುಡುಗರೇ ಬರೆದುಕೊಂಡರು. ಸೇರುವವರು ವಂತಿಗೆಯ ಬದಲಾಗಿ ಒಂದು ಪ್ರಶ್ನೆಯನ್ನು ತರಬೇಕು. ಉತ್ತರ ಗೊತ್ತಿರುವ ಪ್ರಶ್ನೆ ನಡೆಯದು. ಕಾರ್ಯದರ್ಶಿಯು ನಾಲ್ಕು ತಿಂಗಳಿಗೊಮ್ಮೆ ಬದಲಾಗತಕ್ಕದ್ದು. ಮಾಸ್ತರರು ಕೇಳಬಹುದು, ಹೇಳಿಕೊಡಬಾರದು! ವಿಜ್ಞಾನದ ಅಧ್ಯಾಪಕರಿಗೆ ಈ ಕೊನೆಯ ಕಟ್ಟಳೆ ಬಹಳ ದಿನ ಕಷ್ಟವೆನಿಸಿತು; ವಿಷಯವನ್ನೇ ಅರಿಯದ ನನಗೆ ಬಲು ಸುಲಭವಾಯಿತು. ದಪ್ಪ ವಹಿಯೊಂದರಲ್ಲಿ ಮೂರು ಮನೆಗಳು: ಕಂಡದ್ದು, ಕೇಳಿದ್ದು, ಇನ್ನೂ ತಿಳಿಯದ್ದು. ಮೂರನೆಯ ಮನೆ ಬರಿದಾದ ವಾರ ಸಂಘವು ಕೆಲಸ ಮಾಡಿಲ್ಲವೆಂದೇ ಅವರ ಎಣಿಕೆ.

ಕನ್ನಡದಲ್ಲಿ ಇದೇನೂ ಹೊಸ ಉದ್ಯಮವಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿಯೇ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಅದು ಎರಡೇ ವರ್ಷ ಬಾಳಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. 1993ರಲ್ಲಿ ಆರಂಭವಾದ ಮಕ್ಕಳ ವಿಜ್ಞಾನ ಸಮಾವೇಶವು, ಹುಡುಗರು ತಮ್ಮ ಊರಿನ ತೊಡಕನ್ನೇ ಎತ್ತಿಕೊಂಡು ತಮ್ಮ ನುಡಿಯಲ್ಲಿಯೇ ವರದಿ ಒಪ್ಪಿಸಲೆಂದು ದಾರಿ ತೆರೆಯಿತು.

ನಮ್ಮ ಮೊದಲ ಸಂಚಾರ ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆಗೆ. ಸುಮಾರು 50 ಹೆಕ್ಟೇರಿನ ಈ ಕೆರೆಗೆ 2024ರಲ್ಲಿ ಅಘನಾಶಿನಿ, ಅಂಕಸಮುದ್ರಗಳೊಡನೆ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆತಿದೆ. ಮಾಗಿಯಲ್ಲಿ ಇಲ್ಲಿಗೆ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬರುವವು. ಬಿಳಿಯ ತಲೆಯ ಹಿಂಬದಿಗೆ ಎರಡು ಕರಿಯ ಪಟ್ಟೆಗಳು. ಮಂಗೋಲಿಯಾ, ತಿಬೇಟಗಳ ಕಡೆ ಮರಿಮಾಡಿ, ಹಿಮಾಲಯವನ್ನು ದಾಟಿ ಬಂದ ಹಕ್ಕಿಗಳು ನಮ್ಮ ಎರೆಹೊಲದ ಅಂಚಿನಲ್ಲಿ ಮನೆಯ ಬಾತುಗಳಂತೆ ತೂಕಡಿಸುತ್ತಿದ್ದವು. ಹಗಲು ನೀರಿನಲ್ಲಿ ವಿಶ್ರಾಂತಿ. ಇಳಿಹೊತ್ತಿಗೆ ಮೇವಿಗಾಗಿ ಹೊಲಗಳ ಕಡೆಗೆ ಪಯಣ. ಕಡಲೆ, ಶೇಂಗಾ ಬಿತ್ತಿದ ರೈತನಿಗೆ ಈ ಅತಿಥಿಗಳ ಮೇಲೆ ಪ್ರೀತಿ ಅಷ್ಟಕ್ಕಷ್ಟೇ.

ಕಾವ್ಯಗಳ ಹಂಸವು ಇದೇ ಜಾತಿಯ ಬಾತೆಂದು ಅನೇಕ ವಿದ್ವಾಂಸರ ಮತ. ಇದನ್ನು ಹೇಳಿದ್ದೇ ತಡ, ಏಳನೆಯ ಇಯತ್ತೆಯ ಹುಡುಗನೊಬ್ಬನು, "ಹಂಗಾರ ಗುರುಗಳ, ಇವು ಹಾಲು ನೀರು ಬ್ಯಾರೆ ಮಾಡತಾವ ಅನ್ನೋದು ಖರೇನ್ರೀ?" ಎಂದನು. ಕಟ್ಟಳೆಯಂತೆ ನಾನು ಉತ್ತರ ಹೇಳಲಿಲ್ಲ. ಅವರು ಸಂಜೆಯವರೆಗೆ ನೋಡಿ, ಇವು ಹುಲ್ಲನ್ನೂ ಕಾಳನ್ನೂ ತಿನ್ನುವವು, ಹಾಲಿನ ಗೊಡವೆ ಇವಕ್ಕೆ ಇರುವಂತೆ ಕಾಣದೆಂದು ಬರೆದುಕೊಂಡರು. ಮೇಘದೂತದ ಹಂಸಗಳು ಮೊದಲ ಗುಡುಗನ್ನು ಕೇಳಿ ಮಾನಸಕ್ಕೆ ಹೊರಡುತ್ತವೆ. ಮಾಗಡಿಯವು ಬೇಸಿಗೆ ಬಲಿಯುವ ಮುನ್ನವೇ ಹೋಗಿಬಿಡುವವು. ಇದು ಮೂರನೆಯ ಮನೆಯನ್ನು ಸೇರಿತು. ಕಾಳಿದಾಸನಿಗೆ ಇದರಿಂದ ಕುಂದಿಲ್ಲವೆಂದು ನನ್ನ ಭಾವನೆ.

ಎರಡು ತಂಡಗಳು ಹತ್ತು ಹತ್ತರ ಗುಂಪು ಮಾಡಿ ಹಕ್ಕಿಗಳನ್ನು ಎಣಿಸಿದಾಗ ಲೆಕ್ಕಗಳಲ್ಲಿ ಮುನ್ನೂರರ ಅಂತರ ಬಂದಿತು. ನೆರೆದಿದ್ದ ಹಿರಿಯರೊಬ್ಬರು ದೊಡ್ಡ ಸಂಖ್ಯೆಯನ್ನೇ ಬರೆಯಿರಿ, ಊರಿಗೆ ಶೋಭೆ ಎಂದರು. ಹುಡುಗರು ಎರಡನ್ನೂ ಬರೆದರು.

ಲಕ್ಷ್ಮೇಶ್ವರದಲ್ಲಿ ಒಂದೇ ಹೊತ್ತು ಇದ್ದೆವು. ಇದು ಹಳೆಯ ಪುಲಿಗೆರೆ, ತಿರುಳುಗನ್ನಡದ ನಾಡು. ಇಲ್ಲಿಯ ನುಡಿಯನ್ನು ಪಂಪನು ಮೆಚ್ಚಿದ್ದನು. ಸೋಮೇಶ್ವರನ ಗುಡಿಯ ನೆರಳಲ್ಲಿ ಬುತ್ತಿ ಬಿಚ್ಚಿದೆವು. ತಳ ಕತ್ತರಿಸಿದ ಎರಡು ಬಾಟಲಿಗಳಲ್ಲಿ ಎರೆಮಣ್ಣನ್ನೂ ಮಸಾರಿಯನ್ನೂ ತುಂಬಿ ನೀರು ಹೊಯ್ದರು. ಮಸಾರಿಯ ನೀರು ಕೂಡಲೆ ಸೋರಿಹೋಯಿತು. ಎರೆಯು ಉಬ್ಬಿ ನೀರನ್ನು ಹಿಡಿದುಕೊಂಡಿತು. ಹಿಂಗಾರಿಯ ಜೋಳವು ಬಿತ್ತಿದ ಮೇಲೆ ಮಳೆ ಕಡಿಮೆಯಾದರೂ ಏಕೆ ಬೆಳೆಯುವದೆಂಬುದು ಅಷ್ಟರಿಂದಲೇ ತಿಳಿಯಿತು.

ಮುಂಡರಗಿಯ ದಾರಿಯುದ್ದಕ್ಕೂ ಕಪ್ಪತಗುಡ್ಡವು ಜೊತೆಗಿರುತ್ತದೆ. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡದ ಗರ್ಭದಲ್ಲಿ ಕಬ್ಬಿಣವೂ ಚಿನ್ನವೂ ಇರುವದೇ ಅದಕ್ಕೆ ಕಂಟಕವಾಗಿತ್ತು. ಗಣಿಯ ವಿರುದ್ಧ ಜನರೂ ಮಠಾಧೀಶರೂ ಹೋರಾಡಿದ ತರುವಾಯ 2019ರಲ್ಲಿ ಇದು ವನ್ಯಜೀವಿಧಾಮವಾಯಿತು.

ಆದರೆ ನಾವು ಮುಂಡರಗಿ ತಾಲೂಕಿಗೆ ಹೋದದ್ದು ಗುಡ್ಡಕ್ಕಾಗಿ ಅಲ್ಲ, ನೀರಿಗಾಗಿ. ಒಂದು ಹಳ್ಳಿಯ ಸಾಲೆಯ ಮಕ್ಕಳು ನಮ್ಮವರನ್ನು ನೋಡಿ ತಾವೂ ಸಂಘ ಕಟ್ಟಿಕೊಂಡಿದ್ದರು. ಅವರ ಕಾರ್ಯದರ್ಶಿಯಾದ ಹುಡುಗಿ ಮಾತಾಡುವಾಗ ಸೆರಗನ್ನು ಬಾಯಿಗೆ ಹಿಡಿಯುತ್ತಿದ್ದಳು. ಅವಳ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದವು. ಆ ಸಾಲೆಯಲ್ಲಿ ಅನೇಕರಿಗೆ ಹಾಗೆಯೇ. ಈ ಭಾಗದ ಕಲ್ಲಿನ ಪದರಗಳಿಂದ ಫ್ಲೋರೈಡು ಕರಗಿ ಆಳದ ಬೋರಿನ ನೀರಿಗೆ ಸೇರುತ್ತದೆ. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಾದರೆ ಹಾನಿ. ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಆ ನೀರನ್ನು ಕುಡಿದರೆ ಕಲೆ ಬೀಳುವದು. ಬಹುಕಾಲ ಕುಡಿದರೆ ಎಲುಬು ಕೀಲುಗಳೂ ಬಿಗಿಯುವವು. ಗೃಹಿಣಿಯರು ಗಮನಿಸತಕ್ಕ ಮಾತೊಂದುಂಟು: ಕುದಿಸುವದರಿಂದ ಈ ದೋಷ ಹೋಗುವದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚೇ ಆಗುವದು.

ಮಕ್ಕಳು ಬೋರುಗಳ ನೀರನ್ನು ಸೀಸೆಗಳಲ್ಲಿ ತಂದು ಪರೀಕ್ಷೆಯ ದ್ರವ ಹಾಕಿದರು. ಗುಲಾಬಿ ಬಣ್ಣವು ಹಳದಿಗೆ ತಿರುಗಿದಷ್ಟೂ ದೋಷ ಹೆಚ್ಚು. ಹಳದಿಯಾದ ಒಂದು ಬೋರಿನ ಒಡೆಯನು ಸಾಲೆಗೇ ಬಂದು, ನಮ್ಮ ನೀರಿನ ಹೆಸರು ಕೆಡಿಸುವಿರಾ ಎಂದು ಗದರಿದನು. ಮಾಸ್ತರರು ಏಳುವ ಮೊದಲೇ ಆ ಹುಡುಗಿ ಎದ್ದು ನಿಂತು, ಸೆರಗನ್ನು ಬಾಯಿಂದ ತೆಗೆದು, "ಕಾಕಾ, ನಾ ನಿಮ್ಮ ಹೆಸರ ಎಲ್ಲೂ ಬರದಿಲ್ಲರಿ, ನಂಬರ ಅಷ್ಟ ಹಾಕೇನಿ. ನಮ್ಮನೀ ನೀರೂ ಹಳದೀನ ಬಂದೈತಿ" ಎಂದಳು. ಆತನು ಅವಳ ಬಾಯಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತು, ಸೀಸೆಯನ್ನು ಇನ್ನೊಮ್ಮೆ ತೋರಿಸೆಂದು ಕೇಳಿದನು.

ತುಂಗಭದ್ರೆಯ ನೀರು ಕೊಳವೆಗಳ ಮೂಲಕ ಈಗ ಅನೇಕ ಹಳ್ಳಿಗಳಿಗೆ ಬರುತ್ತಿದೆ. ಅದು ಬಂದ ದಿನ ಅವರ ಮನೆಯಲ್ಲಿ ಒಂದು ಕೊಡವನ್ನು ಬೇರೆ ತುಂಬಿಡುವರು. ಅದಕ್ಕೆ ಕೆಂಪು ದಾರ ಕಟ್ಟಿದೆ. ಬೋರಿನ ನೀರು ಸ್ನಾನಕ್ಕೆ, ದನಗಳಿಗೆ; ದಾರದ ಕೊಡ ಒಂದೂವರೆ ವರ್ಷದ ತಂಗಿಗೆ. ಸಂಘದ ವಹಿಯಲ್ಲಿ ಆ ಮಗುವಿನ ಹೆಸರಿಗೆ ಒಂದು ಪುಟವನ್ನು ಬಿಟ್ಟಿದ್ದಾರೆ. ಅವಳಿಗೆ ಶಾಶ್ವತ ಹಲ್ಲು ಮೂಡಲು ಇನ್ನೂ ಐದು ವರ್ಷ ಬೇಕು.