ಹಡಗು ಹತ್ತುವ ಮುನ್ನ

ಸಿಯಾಟಲ್‌ನಲ್ಲಿ ಓದುತ್ತಿರುವ ಮಗಳು ಅರೆಕಾಲಿಕ ಕೆಲಸದಲ್ಲಿ ಉಳಿಸಿದ ಹಣದಿಂದ ಅಪ್ಪ-ಅಮ್ಮನಿಗೆ ಅಲಾಸ್ಕಾದ ಹಡಗು ಪ್ರವಾಸಕ್ಕೆ ಟಿಕೆಟ್ ಮಾಡಿಸಿದ್ದಾಳೆ. ಹೊರಡುವುದು ಸೆಪ್ಟೆಂಬರ್‌ನಲ್ಲಿ. ತೀರ್ಥಹಳ್ಳಿಯ ಅಮ್ಮ ಮಳೆಗೆ ಅಂಜುವವರಲ್ಲ. ಅಪ್ಪನ ಉಬ್ಬಸದ್ದೇ ಅವರಿಗೆ ಚಿಂತೆ.

“ದಪ್ಪ ಕೋಟೊಂದು ಸಾಲದೇನೇ?” ಎಂದು ಫೋನಿನಲ್ಲಿ ಕೇಳಿದರು.

“ಸಾಲದಮ್ಮ. ಅಲ್ಲಿನ ಕೆಚಿಕನ್ ಊರಿಗೆ ವರ್ಷಕ್ಕೆ ಸುಮಾರು 150 ಅಂಗುಲ ಮಳೆ. ಬಿಸಿಲು ಬಂತೆನ್ನುವಷ್ಟರಲ್ಲಿ ಮೋಡ. ಹಿಮನದಿಯ ಹತ್ತಿರ ಡೆಕ್ಕಿನ ಮೇಲೆ ಕೊರೆಯುವ ಗಾಳಿ. ಮೂರು ಪದರ ಬಟ್ಟೆಯಿದ್ದರೆ ಬೇಕಾದಾಗ ತೊಟ್ಟು, ಬೇಡದಾಗ ಕಳಚಬಹುದು.”

ಒಳಗೆ ಬೇಗ ಒಣಗುವ ಬನಿಯನ್, ನಡುವೆ ಉಣ್ಣೆಯ ಸ್ವೆಟರ್, ಮೇಲೆ ನೀರಿಳಿಯದ ಜಾಕೆಟ್. ಪದರಗಳ ನಡುವೆ ಸಿಕ್ಕ ಗಾಳಿಯೇ ಮೈಯ ಶಾಖವನ್ನು ಕಾಯುತ್ತದೆ. ಹತ್ತಿ ನೆನೆದರೆ ಚಳಿ ಹತ್ತಿಸುತ್ತದೆ. ಉಣ್ಣೆ ತೇವವಾದರೂ ಬೆಚ್ಚಗಿರುತ್ತದೆ. ಕಂಬಳಿಕೊಪ್ಪೆ ಹೊದ್ದು ಗದ್ದೆಯಲ್ಲಿ ದುಡಿಯುವವರನ್ನು ಕಂಡ ಅಮ್ಮನಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಮೂರು ರೇಷ್ಮೆ ಸೀರೆಗಳಲ್ಲಿ ಎರಡು ಬೀರುವಿಗೆ ಮರಳಿದವು. ಹಡಗಿನವರು ಪೆಟ್ಟಿಗೆಯನ್ನು ಕೋಣೆಗೆ ತಲುಪಿಸುವುದು ತಡವಾಗಬಹುದೆಂದು ಅಪ್ಪನ ಔಷಧಿ, ಸ್ವೆಟರು, ಮೂಗು-ಬಾಯಿ ಮುಚ್ಚಿಕೊಳ್ಳಲು ಮಫ್ಲರು ಕೈಚೀಲ ಸೇರಿದವು.

ಮಗಳು ಮೊದಲ ಸಲ ವಿಮಾನ ಹತ್ತಿದಾಗ ಪೆಟ್ಟಿಗೆ ತುಂಬಿದವರು ಅಮ್ಮ. ಈ ಸಲದ ಪಟ್ಟಿ ಮಗಳದು. ಅಮ್ಮ ಒಂದನ್ನೂ ಬಿಡದೆ ಬರೆದುಕೊಂಡರು.