ಗಾಲಿಮನೆಯ ಅಂಚು

ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಕ್ವಾರ್ಟ್ಸೈಟ್ ಎಂಬುದೊಂದು ಸಣ್ಣ ಊರು. ಅಲ್ಲಿಯ ಸ್ಮಶಾನದಲ್ಲೊಂದು ಕಲ್ಲಿನ ಪಿರಮಿಡ್ಡು. ಅದರ ನೆತ್ತಿಯಲ್ಲಿ ಲೋಹದ ಒಂಟೆ. 1856ರಲ್ಲಿ ಸೈನ್ಯದ ಒಂಟೆಗಳನ್ನು ನಡೆಸಲು ಬಂದ ಹಾಜಿ ಅಲಿ 1902ರಲ್ಲಿ ಇಲ್ಲಿಯೇ ತೀರಿಕೊಂಡ.

ಈಗ ಅಲ್ಲಿಗೆ ಬರುವುದು ಗಾಲಿಯ ಬಿಡಾರಗಳು. ಚಳಿಗಾಲ ಬಂದಿತೆಂದರೆ, ಉತ್ತರದ ಹಿಮಕ್ಕೆ ಬೆನ್ನು ತೋರಿದ ವೃದ್ಧ ದಂಪತಿಗಳು ವಾಹನದ ಹಿಂದೆ ಪುಟ್ಟ ಮನೆಯನ್ನೇ ಕಟ್ಟಿಕೊಂಡು ಬಂದು ಬಯಲಿನಲ್ಲಿ ಬೀಡುಬಿಡುತ್ತಾರೆ. ಕೆಲವರಿಗೆ ಬೇರೆ ಮನೆಯೇ ಇಲ್ಲ.

ಆ ಮನೆಯ ಶತ್ರು, ಮರುಭೂಮಿಯಲ್ಲಿಯೂ, ನೀರೇ! ಚಾವಣಿಯೂ ಗೋಡೆಯೂ ಕೂಡುವಲ್ಲಿ ಅಲ್ಯುಮಿನಿಯಮ್ ಅಂಚುಪಟ್ಟಿ. ಅದರ ತಿರುಪುಮೊಳೆಗಳ ಮೇಲೆ ಪ್ಲಾಸ್ಟಿಕ್ ಮುಸುಕು. ಬಿಸಿಲಿಗೆ ಮುಸುಕು ಕುಗ್ಗುತ್ತದೆ, ಮೊಳೆ ತುಕ್ಕು ಹಿಡಿಯುತ್ತದೆ, ಸದ್ದಿಲ್ಲದೆ ಇಳಿದ ಮಳೆನೀರು ಒಳಗಿನ ಮರವನ್ನು ಕೊಳೆಸುತ್ತದೆ. ಹೊರಗೆ ಥಳಥಳ, ಒಳಗೆ ಗೊಬ್ಬರ.

ಆದುದರಿಂದ ಎಳೆಬಿಸಿಲಿನಲ್ಲಿ ಏಣಿಗಳು ಏಳುತ್ತವೆ. ಪಟ್ಟಿಯನ್ನು ಕಳಚಿ, ಹಳೆಯ ಅಂಟನ್ನು ಕೆರೆದು, ಕೊಳೆತ ಮರವನ್ನು ಬದಲಿಸಿ, ಬ್ಯುಟೈಲ್ ಅಂಟುಪಟ್ಟಿಯನ್ನು ಮೆತ್ತಿ ಮತ್ತೆ ತಿರುಪು ಬಿಗಿಯುತ್ತಾರೆ. ಅಂಚಿನುದ್ದಕ್ಕೂ ಅಂಟು ಒಸರಿತೆಂದರೆ ಬಿಗಿತ ಸರಿಯಾಯಿತು. ಹೊಸ ಮುಸುಕನ್ನು ಮಾತ್ರ ಎಳೆದು ಕೂರಿಸಬಾರದು. ಎಳೆದುದು ಕುಗ್ಗಿಯೇ ಕುಗ್ಗುತ್ತದೆ. ಅವಸರದವರು ಇದನ್ನು ಮರೆತು ಮತ್ತೆ ಏಣಿ ಹತ್ತುತ್ತಾರೆ. ಕೆಳಗೆ ಏಣಿ ಹಿಡಿದ ಮುದುಕಿಯ ಮುಖದಲ್ಲಿ ಮುಗುಳ್ನಗೆ.