ಕಮಾತಾ ಗಲ್ಲಿಯ ಹಳೇ ಕಾರುಗಳು

ಟೋಕಿಯೋದ ದಕ್ಷಿಣ ತುದಿಯಲ್ಲಿ ಕಮಾತಾ ಎಂಬ ಪೇಟೆಯಿದೆ. ಅಲ್ಲಿನ ನಿಲ್ದಾಣದಿಂದ ರೈಲು ಹೊರಡುವಾಗ ಗಂಟೆ ಬಾರಿಸುವುದಿಲ್ಲ, 'ಕಮಾತಾ ಮಾರ್ಚ್' ಎಂಬ ಹಾಡಿನ ಧಾಟಿ ನುಡಿಸುತ್ತಾರೆ. 1920ರಿಂದ 1936ರವರೆಗೆ ಇಲ್ಲೊಂದು ದೊಡ್ಡ ಸಿನಿಮಾ ಸ್ಟುಡಿಯೋ ಇತ್ತು; ಆ ನೆನಪಿಗೆ ಈ ಏರ್ಪಾಡು. ಸ್ಟುಡಿಯೋ ಹೋದ ಮೇಲೆ ಈ ಭಾಗಕ್ಕೆ ಹೆಸರು ತಂದದ್ದು ಚಿಕ್ಕ ಚಿಕ್ಕ ಕಾರ್ಖಾನೆಗಳು. ಕಮಾತಾ ಸೇರಿರುವ ಓಟಾ ವಾರ್ಡಿನಲ್ಲಿ 1980ರ ದಶಕದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ವರ್ಕ್‌ಶಾಪುಗಳಿದ್ದವು. ಈಗ ಅದರ ಅರ್ಧವೂ ಇಲ್ಲ. ಉಳಿದಿರುವವು ಮನೆಯ ಕೆಳಗೊಂದು ಲೇತು, ಮೇಲೆ ಸಂಸಾರ ಎಂಬಂಥವು. ನಮ್ಮ ಪೀಣ್ಯದ ಹಳೆಯ ಗಲ್ಲಿಗಳನ್ನು ಕಂಡವರಿಗೆ ಇಲ್ಲಿಯ ಎಣ್ಣೆ ವಾಸನೆ ಅಪರಿಚಿತ ಎನಿಸುವುದಿಲ್ಲ.

ನಾನು ಅಲ್ಲಿಗೆ ಹೋದದ್ದು ಒಬ್ಬ ಗೂಢಚಾರನಾಗಿ. ಶಿವಮೊಗ್ಗದ ನನ್ನ ತಂಗಿಯ ಮಗ ನಾಲ್ಕು ವರ್ಷಗಳಿಂದ ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. "ಅಣ್ಣಾ, ಹೆಂಗೂ ಅಲ್ಲಿಗೆ ಹೋಗ್ತಿದೀಯ. ಒಂದು ವರ್ಷದಿಂದ ಮನೆಗೆ ದುಡ್ಡು ಕಳಿಸೋದು ಕಮ್ಮಿ ಮಾಡಿದಾನೆ. ಏನು ಮಾಡ್ತಿದಾನೆ ಸ್ವಲ್ಪ ನೋಡ್ಕೊಂಡು ಬಾ" ಎಂದು ತಂಗಿ ಹೇಳಿ ಕಳಿಸಿದ್ದಳು. ಅವಳ ಮನಸ್ಸಿನಲ್ಲಿ ಇದ್ದ ಅನುಮಾನವೇ ಬೇರೆ. ನಾನು ಕಂಡದ್ದೇ ಬೇರೆ.

"ಮಾವ, ಅಮ್ಮನಿಗೆ ಈಗಲೇ ಹೇಳಬೇಡಿ" ಎನ್ನುತ್ತಾ ಅವನು ನನ್ನನ್ನು ರೊಕುಗೊ ಎಂಬಲ್ಲಿಗೆ, ತಾಮಾ ನದಿಯ ದಂಡೆಯ ಬಳಿಯ ಒಂದು ತಗಡಿನ ಶೆಡ್ಡಿಗೆ ಕರೆದೊಯ್ದ. ಒಳಗೆ ಎರಡು ಕಾರುಗಳು. ಒಂದರ ಮೇಲೆ ಹತ್ತಿಬಟ್ಟೆ ಹೊದಿಸಿತ್ತು. ಇನ್ನೊಂದು, ಬಾಗಿಲು ಸೀಟುಗಳನ್ನೆಲ್ಲ ಬಿಚ್ಚಿಹಾಕಿ ಮರದ ದಿಮ್ಮಿಗಳ ಮೇಲೆ ಕೂರಿಸಿದ, ಎರಡೇ ಜನ ಕೂರಬಹುದಾದ ಪುಟ್ಟ ಹಸಿರು ಕಾರು. ಅದೇ ನನ್ನ ಸೋದರಳಿಯನ ಗುಟ್ಟು: 1991ರ ಯೂನೋಸ್ ರೋಡ್‌ಸ್ಟರ್. ಹಿರೋಶಿಮಾದ ಮಾಜ್ದಾ ಕಂಪೆನಿ 1989ರಲ್ಲಿ ಬಿಡುಗಡೆ ಮಾಡಿದ ಮಾದರಿ. 1.6 ಲೀಟರಿನ ಇಂಜಿನ್, 120 ಅಶ್ವಶಕ್ತಿ, ತೂಕ ಸುಮಾರು 940 ಕಿಲೋ. ಹೆಡ್‌ಲೈಟುಗಳು ಹಗಲಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದು, ಸ್ವಿಚ್ ಒತ್ತಿದರೆ ಕಪ್ಪೆಯ ಕಣ್ಣಿನಂತೆ ಮೇಲೇಳುತ್ತವೆ.

"ಹೊಸ ಕಾರೇ ತಗೋಬಹುದಿತ್ತಲ್ಲೋ?" ಎಂದೆ.

"ಹೊಸದನ್ನು ಬಿಚ್ಚಿದರೆ ಗ್ಯಾರಂಟಿ ಹೋಗುತ್ತೆ ಮಾವ!"

ಐದು ತಿಂಗಳ ಸಂಬಳ ಇದರ ಹೊಟ್ಟೆಗೆ ಹೋಗಿದೆ. ಬರಿಯ ಕಾರಿನ ಬೆಲೆಯಲ್ಲ. ಜಪಾನಿನ ನಗರಗಳಲ್ಲಿ ಕಾರು ನಿಲ್ಲಿಸಲು ಮನೆಯಿಂದ ಎರಡು ಕಿಲೋಮೀಟರ್ ಒಳಗೆ ಸ್ವಂತದ್ದೋ ಬಾಡಿಗೆಯದೋ ಜಾಗವಿದೆ ಎಂದು ಪೊಲೀಸರಿಂದ ಪತ್ರ ತರದಿದ್ದರೆ ರಿಜಿಸ್ಟ್ರೇಷನ್ನೇ ಆಗುವುದಿಲ್ಲ. (ಬೆಂಗಳೂರಿಗೆ ಈ ಕಾಯಿದೆ ಬಂದರೆ ಅರ್ಧ ಊರು ನಡೆದೇ ಓಡಾಡಬೇಕಾದೀತು.) ಪೆಟ್ರೋಲ್ ಕಾರಿಗೆ ಹದಿಮೂರು ವರ್ಷ ದಾಟಿತೆಂದರೆ ತೆರಿಗೆಯೂ ಏರುತ್ತದೆ. ಹಳೆಯದನ್ನು ಎಸೆದು ಹೊಸದನ್ನು ಕೊಳ್ಳಿ ಎಂಬುದೇ ಸರಕಾರದ ಇಂಗಿತ. ಅದನ್ನು ಮೀರಿ ಹಳೆಯದನ್ನು ಇಟ್ಟುಕೊಳ್ಳುವುದಕ್ಕೆ ಒಂದು ಬಗೆಯ ಹಟ ಬೇಕು.

ಶೆಡ್ಡಿನ ಮಾಲೀಕರಿಗೆ ಎಪ್ಪತ್ತು ದಾಟಿದೆ. ನಲವತ್ತು ವರ್ಷ ಲೇತು ನಡೆಸಿ ನಿವೃತ್ತರಾದವರು. ನಾನು ಮನಸ್ಸಿನಲ್ಲೇ ಅಜ್ಜ ಎಂದು ಕರೆದೆ. ಹುಡುಗನಿಗೆ ಅವರು ಕಲಿಸಿದ ಮೊದಲ ಪಾಠ ಇಂಜಿನ್ನಿನದಲ್ಲ, ತುಕ್ಕಿನದು. ಈ ಕಾರಿನ ಬಟ್ಟೆಯ ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿರುವ ಎರಡು ಸಣ್ಣ ಕೊಳವೆಗಳ ಮೂಲಕ ಕೆಳಗಿಳಿಯಬೇಕು. ಅವುಗಳಲ್ಲಿ ಎಲೆ, ಧೂಳು ಕಟ್ಟಿಕೊಂಡರೆ ನೀರು ಬಾಗಿಲಿನ ಕೆಳಗಿನ ಪಟ್ಟಿಯೊಳಗೆ ನುಗ್ಗಿ ಅಲ್ಲೇ ನಿಲ್ಲುತ್ತದೆ. ಹೊರಗಿನಿಂದ ಬಣ್ಣ ಫಳಫಳ, ಒಳಗಿನಿಂದ ಗೆದ್ದಲು ತಿಂದ ತೊಲೆ! ಹಿಂದಿನ ಮಾಲೀಕರು ಯಾರೋ ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಹುಡುಗ ಅದನ್ನೆಲ್ಲ ಕೆರೆದು, ಕೊಳೆತ ಭಾಗ ಕತ್ತರಿಸಿ, ಹೊಸ ತಗಡು ಬೆಸೆಯಲು ಆರು ತಿಂಗಳ ಭಾನುವಾರಗಳನ್ನು ಕಳೆದ. ಮೊದಲ ಬೆಸುಗೆಯನ್ನು ಅಜ್ಜ ನೋಡಿ, ಮಾತಾಡದೆ ಗ್ರೈಂಡರ್ ಕೈಗಿತ್ತರಂತೆ. ಎರಡನೆಯದಕ್ಕೂ ಅದೇ ಮರ್ಯಾದೆ. ಊರಿನಲ್ಲಿ ಅವನು ತನ್ನ ಸೈಕಲ್ಲಿಗೆ ಗಾಳಿ ಹೊಡೆದುಕೊಂಡದ್ದನ್ನೂ ನಾನು ನೋಡಿದವನಲ್ಲ.

ಬಿಡಿಭಾಗ ಎಲ್ಲಿ ಸಿಗುತ್ತವೆ ಎಂದು ಕೇಳಿದೆ. ಇದೊಂದು ಸ್ವಾರಸ್ಯದ ಕತೆ. ಹಳೆಯ ಕಾರುಗಳ ಬಗ್ಗೆ ಬಹುಕಾಲ ಅಷ್ಟಾಗಿ ತಲೆಕೆಡಿಸಿಕೊಳ್ಳದಿದ್ದ ಕಂಪೆನಿಗಳೇ ಈಗ ಹಿಂತಿರುಗಿ ನೋಡತೊಡಗಿವೆ. ನಿಸಾನ್ 2017ರಲ್ಲಿ 1989ರ ಸ್ಕೈಲೈನ್ ಜಿಟಿ-ಆರ್‌ನ ಭಾಗಗಳನ್ನು ಮತ್ತೆ ತಯಾರಿಸಲು ಶುರುಮಾಡಿತು. ಟೊಯೋಟಾ 2020ರಲ್ಲಿ ತನ್ನ 2000ಜಿಟಿ ಮತ್ತು ಸುಪ್ರಾ ಕಾರುಗಳಿಗೆ ಹಾಗೆಯೇ ಮಾಡಿತು. ಮಾಜ್ದಾ 2017ರಲ್ಲಿ ಈ ಹಸಿರು ಕಾರಿನ ಪೀಳಿಗೆಯ ಜೀರ್ಣೋದ್ಧಾರವನ್ನು ತಾನೇ ಮಾಡಿಕೊಡುವುದಾಗಿ ಸಾರಿತು. 2000ಜಿಟಿ ತಯಾರಾದದ್ದೇ ಸುಮಾರು 350. ಅದರಲ್ಲೊಂದು 2013ರಲ್ಲಿ ಅಮೆರಿಕದ ಹರಾಜಿನಲ್ಲಿ ಹತ್ತು ಲಕ್ಷ ಡಾಲರಿಗೂ ಮಿಕ್ಕಿದ ಬೆಲೆಗೆ ಹೋಯಿತು. ಕಂಪೆನಿಗಳ ಪ್ರೀತಿಗೆ ಕಾರಣ ಬರಿಯ ಭಾವುಕತೆ ಇರಲಾರದು.

ಭಾನುವಾರ ಬೆಳಗ್ಗೆ ಅಜ್ಜ ಇನ್ನೊಂದು ಕಾರಿನ ಹೊದಿಕೆ ತೆಗೆದರು. ಪೆಟ್ಟಿಗೆಯಾಕಾರದ ಬೆಳ್ಳಿಬಣ್ಣದ ನಿಸಾನ್ ಸ್ಕೈಲೈನ್ 2000ಜಿಟಿ, 1971ರದ್ದು. ಕನ್ನಡಿಗಳು ಬಾಗಿಲ ಬಳಿ ಇಲ್ಲ, ಮುಂದೆ ಮಡ್‌ಗಾರ್ಡಿನ ತುದಿಯಲ್ಲಿವೆ. 1983ರವರೆಗೆ ಜಪಾನಿನಲ್ಲಿ ಅದೇ ನಿಯಮ. ಈ ಮಾದರಿಯನ್ನು ಅಲ್ಲಿನವರು 'ಹಾಕೊಸುಕಾ' ಎನ್ನುತ್ತಾರೆ. ಹಾಕೊ ಎಂದರೆ ಪೆಟ್ಟಿಗೆ, ಸುಕಾ ಎಂದರೆ ಸ್ಕೈಲೈನ್‌ನ ಮೊಟಕು ರೂಪ. ಇದರ ಅಣ್ಣನಾದ ಜಿಟಿ-ಆರ್ 1969ರಿಂದ 1972ರೊಳಗೆ ಸುಮಾರು 50 ರೇಸುಗಳನ್ನು ಗೆದ್ದು ದಂತಕತೆಯಾಯಿತು. ಅದರ ಮುಂದಿನ ಪೀಳಿಗೆ 1973ರಲ್ಲಿ ಬಂದು, ಹೊಗೆಯ ನಿಯಮ ಬಿಗಿಯಾದ್ದರಿಂದ ಕೇವಲ 197 ಕಾರುಗಳಿಗೆ ನಿಂತುಹೋಯಿತು. ಆ ಹೆಸರು ಮತ್ತೆ ಕಾಣಿಸಿಕೊಂಡದ್ದು 16 ವರ್ಷಗಳ ನಂತರ.

ಇಂಥ ಕಾರು ಉಳ್ಳವರು ಬಹಳ ಮಂದಿ ಹಳೆಯ ಎರಡು ಲೀಟರ್ ಇಂಜಿನ್ ಕಿತ್ತು ಎಲ್28 ಎಂಬ ದೊಡ್ಡದನ್ನು ಕೂರಿಸುತ್ತಾರೆ. ಅದಕ್ಕೆ ನಿಸಾನಿನದೇ ಡೀಸೆಲ್ ಕಾರೊಂದರ ಕ್ರ್ಯಾಂಕ್‌ಶಾಫ್ಟ್ ಜೋಡಿಸಿ, 89 ಮಿಲಿಮೀಟರಿನ ಪಿಸ್ಟನ್ ಹಾಕಿದರೆ 2.8 ಲೀಟರ್ ಇದ್ದದ್ದು 3.1 ಆಗುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: ಸ್ಟ್ರೋಕ್ 83 ಮಿಲಿಮೀಟರ್, ಸಿಲಿಂಡರ್ ಆರು. ಡೀಸೆಲ್ ಟ್ಯಾಕ್ಸಿಯ ಬೆನ್ನುಮೂಳೆ ರೇಸ್ ಕಾರಿನ ಹೊಟ್ಟೆಗೆ ಬಂದದ್ದು ಯಾರ ತಲೆಗೆ ಹೊಳೆದ ಯೋಚನೆಯೋ!

ಅಜ್ಜ ಮಾತ್ರ ಹಾಗೆ ಮಾಡಿಲ್ಲ. ಕಾರಣ ನಂಬರ್ ಪ್ಲೇಟು. ಎರಡು ಲೀಟರ್ ಮೀರಿದರೆ ಕಾರಿನ ವರ್ಗ ಬದಲಾಗಿ ಹೊಸ ನಂಬರ್ ಬರುತ್ತದೆ. ಅವರ ಪ್ಲೇಟಿನಲ್ಲಿ ಊರ ಹೆಸರಿನ ಪಕ್ಕ ಎರಡೇ ಅಂಕಿ. 1990ರ ದಶಕದ ಕೊನೆಯಿಂದ ಬಂದವುಗಳಲ್ಲಿ ಮೂರು. ಆ ಎರಡಂಕಿ ಕಂಡರೆ ಸಾಕು, ಈ ಕಾರು ದಶಕಗಳಿಂದ ಊರು ಬಿಟ್ಟಿಲ್ಲ ಎಂದು ತಿಳಿದವರಿಗೆ ತಿಳಿಯುತ್ತದೆ. ಅದನ್ನು ಕಳೆದುಕೊಳ್ಳಲು ಮನಸ್ಸಿಲ್ಲದೆ ಮೂಲ ಇಂಜಿನ್ನಿಗೇ ಮೂರು ಸೋಲೆಕ್ಸ್ ಕಾರ್ಬ್ಯುರೇಟರ್ ಕೂರಿಸಿಕೊಂಡಿದ್ದಾರೆ. ಮೂರೂ ಒಂದೇ ಸಮ ಉಸಿರೆಳೆಯಬೇಕು. ಅಳೆಯಲು ಮೀಟರ್ ಇದೆ, ಅಜ್ಜನ ಬಳಿಯೂ ಇದೆ. ಆದರೆ ಅವರು ಒಂದು ರಬ್ಬರ್ ಟ್ಯೂಬನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಒಂದೊಂದರ ಬಾಯಿಗೂ ಒಡ್ಡಿ, ವೈದ್ಯರ ಹಾಗೆ ಕಣ್ಣುಮುಚ್ಚಿ ಕೇಳಿದರು. ಕಾಲು ಸುತ್ತು ಸ್ಕ್ರೂ ತಿರುಗಿಸಿದರು. ಇಂಜಿನ್ ಗೊಣಗುವುದು ನಿಂತಿತು. ಆಮೇಲೆ ಟ್ಯೂಬನ್ನು ನನ್ನ ಕಿವಿಗೂ ಕೊಟ್ಟರು. ನನಗೆ ಮೂರೂ ಒಂದೇ ಬುಸ್ಸೆಂದು ಕೇಳಿಸಿತು. ಸೋದರಳಿಯ ಮಾತ್ರ "ಎರಡನೆಯದು ಸ್ವಲ್ಪ ಜಾಸ್ತಿ" ಎಂದ. ಅಜ್ಜ ತಲೆಯಾಡಿಸಿದರು.

ಹೋದದ್ದು ಯೊಕೊಹಾಮಾದ ಡೈಕೊಕುಗೆ. ಸಮುದ್ರ ತುಂಬಿಸಿ ಮಾಡಿದ ದ್ವೀಪದ ಮೇಲೆ, ಎಕ್ಸ್‌ಪ್ರೆಸ್ ಹೆದ್ದಾರಿಗಳು ಸುರುಳಿ ಸುತ್ತಿಕೊಂಡಿರುವ ನಡುವೆ ಒಂದು ವಿಶ್ರಾಂತಿ ತಾಣ. ಶೌಚಾಲಯ, ಊಟದಂಗಡಿ, ಡಬ್ಬಿ ಕಾಫಿಯ ಯಂತ್ರಗಳು, ಅಷ್ಟೇ. ಹೆದ್ದಾರಿಯಿಂದಲ್ಲದೆ ಬೇರೆ ದಾರಿಯಲ್ಲಿ ಬರುವಂತಿಲ್ಲ. ಇಲ್ಲಿ ವಾರದ ಕೊನೆಗೆ ಯಾರೂ ಕರೆಯದೆ ಹಳೆಯ ಕಾರುಗಳ ಜಾತ್ರೆ ನೆರೆಯುತ್ತದೆ. ಉದ್ದ ಮೂತಿಯ ಫೇರ್‌ಲೇಡಿ ಝಡ್, ಮೂಲೆಮೂಲೆಯಾಗಿ ಮಡಿಸಿದಂತಿರುವ ಟೊಯೋಟಾ ಎಇ86, ನೆಲಕ್ಕೆ ಹೊಟ್ಟೆ ತಾಗುವಂತೆ ಇಳಿಸಿದವು, ಕಾರ್ಖಾನೆಯಿಂದ ನಿನ್ನೆ ಬಂದಂತೆ ಇರಿಸಿಕೊಂಡವು. ಮಾಲೀಕರು ಬಾನೆಟ್ ಎತ್ತಿ ಪಕ್ಕದಲ್ಲಿ ನಿಲ್ಲುತ್ತಾರೆ, ಸಂತೆಗೆ ಹೋರಿ ತಂದವರ ಹಾಗೆ. ಮುಟ್ಟುವ ಮೊದಲು ಕೇಳುವುದು ಶಿಷ್ಟಾಚಾರ. ರಾತ್ರಿ ಗದ್ದಲ ಹೆಚ್ಚಾದರೆ ಪೊಲೀಸರು ಮೈಕಿನಲ್ಲಿ ಕೂಗಿ ಜಾಗವನ್ನೇ ಮುಚ್ಚಿಸುತ್ತಾರೆ. ಗದ್ದಲದವರನ್ನು ಕಂಡರೆ ಅಜ್ಜನಿಗೆ ಆಗದು. ಬೆಳಗ್ಗೆ ಬಂದು ಕಾಫಿ ಕುಡಿದು ಹೋಗುವ ಪಂಗಡ ಅವರದು.

ಅದೇ ದ್ವೀಪದ ಇನ್ನೊಂದು ಬದಿಯಲ್ಲಿ ಕಾರು ಸಾಗಿಸುವ ಹಡಗುಗಳ ಕಟ್ಟೆ. ಅಮೆರಿಕದಲ್ಲಿ 1988ರ ಕಾಯಿದೆಯ ಪ್ರಕಾರ 25 ವರ್ಷ ತುಂಬಿದ ವಿದೇಶಿ ಕಾರಿಗೆ ಅಲ್ಲಿನ ಸುರಕ್ಷತಾ ನಿಯಮಗಳಿಂದ ವಿನಾಯಿತಿ. ಹಾಗಾಗಿ 1989ರ ಜಿಟಿ-ಆರ್ 2014ರಿಂದ ಅಲ್ಲಿಗೆ ಹೋಗತೊಡಗಿತು, 1999ರದ್ದು 2024ರಿಂದ. ಬೆಲೆ ಏರಿದೆ, ಇಲ್ಲಿ ಸಂಖ್ಯೆ ಇಳಿದಿದೆ. ಅಜ್ಜನ ಶೆಡ್ಡಿಗೂ ದಲ್ಲಾಳಿಯೊಬ್ಬ ಎರಡು ಸಲ ಬಂದು ಹೋಗಿದ್ದಾನೆ. ಅವರ ಮಗಳು, "ಅಪ್ಪಾ, ಕೊಟ್ಟುಬಿಡಿ, ನಿಮ್ಮ ನಂತರ ನೋಡಿಕೊಳ್ಳುವವರು ಯಾರು" ಎನ್ನುತ್ತಾಳೆ. ಆಕೆಯ ಮಾತಿನಲ್ಲೂ ತಪ್ಪಿಲ್ಲ. ನೀವೇನು ಮಾಡುತ್ತೀರಿ ಎಂದು ಸೋದರಳಿಯನಿಂದ ಕೇಳಿಸಿದೆ. ಅಜ್ಜ ಕಾಫಿ ಡಬ್ಬಿಯನ್ನು ಅಲುಗಾಡಿಸಿ, ಖಾಲಿಯಾದದ್ದನ್ನು ಖಚಿತಪಡಿಸಿಕೊಂಡು, ಬುಟ್ಟಿಗೆ ಹಾಕಿ ಬಂದರು. "ಮಳೆ ಬರೋ ಮೊದಲು ಹೊರಡೋಣ ಅಂತಿದಾರೆ" ಎಂದ ಇವನು.

ನಾನು ಹೊರಡುವ ಹಿಂದಿನ ದಿನ ಹಸಿರು ಕಾರಿನ ಪರೀಕ್ಷೆ. 'ಶಾಕೆನ್' ಎಂಬ ಈ ತಪಾಸಣೆ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ಕಡ್ಡಾಯ. ಕಾರನ್ನು ಬದಲಾಯಿಸಿಕೊಳ್ಳಲು ಅಲ್ಲಿ ಅವಕಾಶವಿದೆ. ಆದರೆ ನೆಲದಿಂದ ಒಂಬತ್ತು ಸೆಂಟಿಮೀಟರ್ ಅಂತರ ಇರಬೇಕು, ಸದ್ದು ಮಿತಿಯಲ್ಲಿರಬೇಕು, ಅಗಲ ಎರಡು ಸೆಂಟಿಮೀಟರಿಗಿಂತ ಹೆಚ್ಚಾದರೆ ದಾಖಲೆ ತಿದ್ದಿಸಬೇಕು. ನಮ್ಮಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದಿತು. ಕಾಲೇಜಿನಲ್ಲಿದ್ದಾಗ ಬೈಕಿನ ಸೈಲೆನ್ಸರ್ ಬದಲಿಸಿ ದಂಡ ಕಟ್ಟಿದ್ದ ಇವನಿಗೆ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತು. ದಂಡ ಕಟ್ಟಿದ್ದು ನಾನು!

ವಾರ್ಡ್ ಕಚೇರಿಯಿಂದ ಕೆಂಪು ಗೀಟಿನ ತಾತ್ಕಾಲಿಕ ನಂಬರ್ ತಂದು ಕಾರನ್ನು ಶಿನಾಗಾವಾದ ತಪಾಸಣೆ ಕೇಂದ್ರಕ್ಕೆ ಒಯ್ದೆವು. ಮಾಲೀಕನೇ ಕಾರು ನಡೆಸಿ ಸಾಲಿನಲ್ಲಿ ಹೋಗಬಹುದು. ಬ್ರೇಕು, ಹೊಗೆ, ಚಕ್ರದ ಓರೆ ಎಲ್ಲಕ್ಕೂ ಫಲಕದಲ್ಲಿ ಸೊನ್ನೆ ಬಂತು. ನನ್ನ ಎದೆ ಧಸಕ್ಕೆಂದಿತು. ಜಪಾನಿನಲ್ಲಿ ಸೊನ್ನೆ ಎಂದರೆ ಪಾಸು ಎಂದು ಅಜ್ಜ ಬೆರಳಿನಲ್ಲಿ ಸುತ್ತು ಬರೆದು ತೋರಿಸಿದರು. ಹೆಡ್‌ಲೈಟಿಗೆ ಬಂದಾಗ ಗುಣಿಸು ಗುರುತು. ಆ ಕಪ್ಪೆಗಣ್ಣುಗಳಲ್ಲಿ ಒಂದು ಚೂರು ಎಡಕ್ಕೆ ನೋಡುತ್ತಿತ್ತು. ಒಂದೇ ದಿನ ಇನ್ನೆರಡು ಸಲ ಪ್ರಯತ್ನಿಸಬಹುದು. ಕೇಂದ್ರದ ಹತ್ತಿರವೇ ದೀಪದ ಕೋನ ಸರಿಪಡಿಸಿಕೊಡುವ ಅಂಗಡಿಗಳಿವೆ. ಒಂದರಲ್ಲಿ ಸ್ಕ್ರೂ ತಿರುಗಿಸಿಕೊಂಡು ಮತ್ತೆ ಸಾಲಿಗೆ ನಿಂತೆವು. ಅಜ್ಜ ಹೊರಗೆ ಬೇಲಿಯ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು, ಮೊಮ್ಮಗನ ಪರೀಕ್ಷೆಗೆ ಬಂದವರ ಹಾಗೆ. ಸೊನ್ನೆ ಬಂತು.

ಗಾಜಿಗೆ ಪುಟ್ಟ ಸ್ಟಿಕರ್ ಅಂಟಿಸಿಕೊಂಡು, ಟಾಪು ಮಡಚಿ, ಚಳಿಯಲ್ಲಿ ನಡುಗುತ್ತಾ ನನ್ನನ್ನು ಕಮಾತಾಕ್ಕೆ ಕರೆತಂದ. ಆ ರಾತ್ರಿ ತಂಗಿಗೆ ಫೋನಿನಲ್ಲಿ ಮುಖ ತೋರಿಸಿ, ಹಿಂದೆಯೇ ಕಾರನ್ನೂ ತೋರಿಸಿದೆವು. ಅವಳು ಬಹಳ ಹೊತ್ತು ಸುಮ್ಮನೆ ನೋಡಿದಳು.

"ಇದಕ್ಕೆ ಮೇಲೆ ಏನೂ ಇಲ್ವಲ್ಲೋ. ಮಳೆ ಬಂದ್ರೆ?"

"ಬಟ್ಟೆದು ಇದೆ ಅಮ್ಮಾ, ಮುಚ್ಚಬಹುದು. ಕೆಳಗಿನ ತಗಡೆಲ್ಲ ನಾನೇ ಬೆಸುಗೆ ಹಾಕಿದ್ದು."

"ನೀನಾ? ಕೈ ತೋರ್ಸು." ತೋರಿಸಿದ. ಎರಡು ಸುಟ್ಟ ಕಲೆ ಇತ್ತು. "ಎಷ್ಟಾಯ್ತು ಎಲ್ಲಾ ಸೇರಿ?"

ಅವನು ನನ್ನ ಮುಖ ನೋಡಿದ. ನಾನು ಚಹಾ ತರುವ ನೆಪದಲ್ಲಿ ಎದ್ದೆ.